ಕೈನೆರಳು

"ಬೇಜಾರು ಮಾಡ್ಕೋಬೇಡಮ್ಮ. ಮೂರು ಗಂಟೆಗೆ ನಕ್ಷೆ ಅಚ್ಚಿಗೆ ಹೋಗ್ಬೇಕು. ಅವನ ಫೈಲ್ ಬೇಕಿತ್ತು," ಎಂದರು ಅವಳ ಗಂಡನ ಆಫೀಸಿನ ಪರಿಶೀಲಕರು. ಒಂದು ಚಪ್ಪಲಿ ಬಿಟ್ಟಿದ್ದರು, ಇನ್ನೊಂದನ್ನು ಬಿಡಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದರು.

ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೋಗಿಯಾಗಿತ್ತು. ಕಡೆಗೆ ಉಳಿದಿದ್ದ ಅತ್ತೆಯನ್ನೂ ನಾದಿನಿ ನಿನ್ನೆ ಸಂಜೆ ಕರೆದೊಯ್ದಿದ್ದಳು. ಊಟ ಮಾಡು, ಮಲಗು ಎನ್ನುವವರಿಲ್ಲದ ಮೊದಲ ಬೆಳಿಗ್ಗೆ ಇದು. ಅವಳು ಬಟ್ಟೆ ಒಗೆದು ಹರವಿದ್ದಳು. ಆಮೇಲೇನು ಮಾಡಬೇಕೆಂದು ತಿಳಿದಿರಲಿಲ್ಲ.

ಅವನ ಕೋಣೆಗೆ ಹೋಗಿ ಕಂಪ್ಯೂಟರ್ ಹಾಕಿದಳು. ತೆರೆಯ ತುಂಬ ಬೆಟ್ಟಗಳು ಎದ್ದವು. ಚಾರಣಿಗರ ನಕ್ಷೆ. ಗೆರೆಗಳ ಮೇಲೊಂದು ಪದರ ಹಾಸಿ, ಅದರಲ್ಲಿ ಒಂದೊಂದು ಇಳಿಜಾರಿನ ನೆರಳನ್ನೂ ಅವನು ಬೂದುಬಣ್ಣದಲ್ಲಿ ಕೈಯಾರೆ ಬಳಿಯುತ್ತಿದ್ದ. ಗುಂಡಿ ಒತ್ತಿದರೆ ಯಂತ್ರವೇ ಮಾಡಿಬಿಡುವ ಕೆಲಸ.

"ಬೆಳಗ್ಗಿಂದ ಒಂದೇ ಗುಡ್ಡಾನಾ? ಅಷ್ಟರಲ್ಲಿ ಹತ್ತಿ ಇಳಿದೇ ಬರಬಹುದಿತ್ತು," ಎಂದು ಅವಳು ಛೇಡಿಸುತ್ತಿದ್ದಳು.

"ಮುಖಕ್ಕೆ ಪೌಡರ್ ಹಚ್ಚೋಕೆ ನಿಂಗೆಷ್ಟು ಹೊತ್ತು ಬೇಕು? ಇದು ಬೆಟ್ಟ ಕಣೇ," ಎನ್ನುತ್ತಿದ್ದ ಅವನು, ತಲೆಯೆತ್ತದೆ.

ಹಿಂದೆಯೇ ಒಳಬಂದಿದ್ದ ಪರಿಶೀಲಕರು ತೆರೆಯ ಮೇಲೆ ಬೆರಳಿಟ್ಟರು. "ಇಲ್ನೋಡು. ಬೆಳಕು ಮೇಲಿನ ಎಡಮೂಲೆಯಿಂದ ಬರಬೇಕು, ಅದು ನಿಯಮ. ಈ ಬೆಟ್ಟಸಾಲಿಗೆ ಮಾತ್ರ ಬೇರೆ ಕಡೆಯಿಂದ ತಂದಿದಾನೆ. ಬಲಮೂಲೆ ಇನ್ನೂ ಖಾಲಿ. ತಿದ್ದುತ್ತಾ ಕೂರೋಕೆ ಹೊತ್ತಿಲ್ಲ. ಇದನ್ನ ತೆಗೆದು ಯಂತ್ರದ ನೆರಳು ಹಾಕ್ಬಿಡ್ತೀವಿ."

"ಪೂರ್ತಿನಾ?"

"ಪೂರ್ತಿ."

ಹನ್ನೊಂದು ತಿಂಗಳ ಅವನ ಬೆಳಗುಗಳೆಲ್ಲ ಆ ಒಂದು ಪದರದಲ್ಲಿದ್ದವು.

ಒಮ್ಮೆ ಅವನು ಟವೆಲ್ ಮಡಿಸಿ ಹಾಸಿಗೆಯ ಮೇಲೆ ಸಾಲುಬೆಟ್ಟ ಮಾಡಿ, ಟಾರ್ಚ್ ಹಿಡಿದು ತೋರಿಸಿದ್ದ. ಬೆಳಕಿನ ದಿಕ್ಕಿಗೇ ಚಾಚಿಕೊಂಡ ಸಾಲಿನ ಎರಡೂ ಮಗ್ಗುಲು ಒಂದೇ ಸಮ ಬೆಳಗುತ್ತವೆ, ಬೆಟ್ಟವೇ ಕಾಣದಂತಾಗುತ್ತದೆ ಎಂದಿದ್ದ. ಅವಳು ಫೋನ್ ನೋಡುತ್ತ ಹೂಂಗುಟ್ಟಿದ್ದಳು.

"ಒಂದ್ನಿಮಿಷ ಸರ್," ಎಂದು ಅವನ ಪದರವನ್ನು ಮರೆಮಾಡಿ ಯಂತ್ರದ್ದನ್ನು ಹಾಕಿದಳು. ಆ ಸಾಲು ಇಸ್ತ್ರಿ ಮಾಡಿದ ಬಟ್ಟೆಯಂತೆ ಸಪಾಟಾಯಿತು. ಅವನದನ್ನು ಮರಳಿ ಹಾಕಿದಳು. ಒಂದು ಮಗ್ಗುಲು ಕಪ್ಪಾಗಿ ಕೆಳಗೆ ಬಿತ್ತು, ಬೆಟ್ಟದ ಬೆನ್ನು ಎದ್ದು ನಿಂತಿತು. ಇನ್ನೆರಡು ಸಲ ಹಾಗೇ ಮಾಡಿದಳು.

ಪರಿಶೀಲಕರು ತೆರೆಗೆ ಮೂಗು ತಾಗುವಷ್ಟು ಬಾಗಿದರು. "ಕಾಲುದಾರಿ ಈ ಅಂಚಲ್ಲೇ ಇದೆ. ಜಾರಿದ್ರೆ ಪಾತಾಳ. ನಡೆಯೋರಿಗೆ ಕಾಣ್ಲಿ ಅಂತ ಬೆಳಕನ್ನೇ ತಿರುಗಿಸಿದಾನೆ, ಕಳ್ಳ! ನಂಗೊಂದು ಮಾತು ಹೇಳಬಾರ್ದಿತ್ತಾ?"

"ಹೇಳಿದ್ರೆ ಬಿಡ್ತಿದ್ರಾ ನೀವು?"

"ಎಲ್ಲಿ ಬಿಡ್ತಿದ್ದೆ!" ಎಂದು ಜೋರಾಗಿ ನಕ್ಕವರು, ಈ ಮನೆಯಲ್ಲಿ ನಗಬಾರದಿತ್ತೆಂದು ತಟ್ಟನೆ ನಿಲ್ಲಿಸಿದರು.

"ನಗಿ ಸರ್," ಎಂದಳು. "ಖಾಲಿ ಮೂಲೆ ಮಾತ್ರ ಯಂತ್ರಕ್ಕೆ ಬಿಡೋಣ್ವಾ?"

"ಬೇಡ. ಇವನ ನೆರಳಿನ ಪಕ್ಕದಲ್ಲಿ ಅದು ತೇಪೆ ಥರ ಕಾಣುತ್ತೆ." ಕುರ್ಚಿ ಎಳೆದು ಕೂತರು. "ನಾನೇ ಬಳೀತೀನಿ. ಕೈ ಬಿಟ್ಟು ವರ್ಷಗಳಾಯ್ತು. ನೋಡೋಣ."

ಕಂಪ್ಯೂಟರಿಗೆ ಜೋಡಿಸಿದ್ದ ಚಿತ್ರ ಬಿಡಿಸುವ ಹಲಗೆಯ ಪಕ್ಕದಿಂದ ಅವಳು ಅದರ ಪೆನ್ನನ್ನು ಎತ್ತಿ ಅವರ ಕೈಗಿಟ್ಟಳು. "ಇದು ನಿಮ್ಮದೇ ಅಲ್ವಾ? ಅವರದು ಕೆಟ್ಟಾಗ ನಿಮ್ಮ ಹತ್ರ ಇಸ್ಕೊಂಡು ಬಂದಿದ್ರು."

"ಎರಡು ದಿನಕ್ಕೆ ಅಂತ ಒಯ್ದ, ಪುಣ್ಯಾತ್ಮ."

ಪೆನ್ನಿನ ಮೊನೆ ಅವನ ಹಿಡಿತಕ್ಕೆ ಒಂದೇ ಕಡೆ ಓರೆಯಾಗಿ ಸವೆದಿತ್ತು. ಅವರು ಹಲಗೆಯ ಮೇಲಿಟ್ಟು ಎಳೆದರೆ ತಡೆದು ತಡೆದು ಸಾಗಿತು. ಬೆರಳುಗಳ ನಡುವೆ ತುಸು ತಿರುಗಿಸಿದರು. ಇನ್ನೂ ತುಸು. ಸವೆದ ಮೈ ಹಲಗೆಗೆ ಸರಿಯಾಗಿ ಕೂತಿತು, ಖಾಲಿ ಮೂಲೆಯಲ್ಲಿ ನೆರಳು ಮೆಲ್ಲಗೆ ಇಳಿಯತೊಡಗಿತು.