ನೋಡೋಣ, ಹೋಗಿ ಬನ್ನಿ

ಆ ಊರಿಗೆ ಪ್ರವಾಸಿಗರಿಗಿಂತ ಮೊದಲು, ಪ್ರವಾಸಿಗರಿಗೆ ಬೇಕಾದ್ದನ್ನು ಮಾರುವವರು ಬಂದರು. ಸಮುದ್ರದ ದಂಡೆಗೆ ಹೊಸ ರಸ್ತೆ ಬಿದ್ದು ಅದರ ಡಾಂಬರಿನ ವಾಸನೆ ಹೋಗುವಷ್ಟರಲ್ಲೇ ಹೊರದೇಶದಿಂದ ಒಬ್ಬ ಸಾಬೂನಿನವನು ಇಳಿದ. ಅಂಗೈಯಲ್ಲಿ ಅಡಗುವಂಥ ಸಾಬೂನುಗಳು, ಒಂದೊಂದಕ್ಕೂ ಕಾಗದದ ಅಂಗಿ. ಅವನ ಹಿಂದೆಯೇ ಬೀಗದವನು. ಕೀಲಿಕೈಯೇ ಇಲ್ಲದೆ, ಕಾರ್ಡು ತೋರಿಸಿದರೆ ತೆರೆದುಕೊಳ್ಳುವ ಬೀಗ ಅವನದು. ಆಮೇಲೆ ಈಜುಕೊಳದ ನೀರು ಸೋಸುವ ಯಂತ್ರದವಳು. ಊರಿನಲ್ಲಿ ಈಜುಕೊಳ ಒಂದೂ ಇರಲಿಲ್ಲ. ಆದರೂ ಅವಳು ಬೀದಿ ಬೀದಿ ಸುತ್ತಿ, ಎಲ್ಲರ ಕೈ ಕುಲುಕಿ, ನಗುನಗುತ್ತ ಬಸ್ಸು ಹತ್ತಿದಳು. ಅಜ್ಜಿಯರು ಹೇಳುತ್ತಿದ್ದ ಕತೆಗಳಲ್ಲಿ ರಾಜಕುಮಾರಿಯ ಮದುವೆಯ ಸುದ್ದಿ ಸಾರಿದ್ದೇ ತಡ, ಏಳು ಸಮುದ್ರದಾಚೆಯಿಂದ ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರಲ್ಲ, ಒಬ್ಬನ ಕೈಯಲ್ಲಿ ಮಾತಾಡುವ ಕನ್ನಡಿ, ಇನ್ನೊಬ್ಬನ ಕೈಯಲ್ಲಿ ಬಾಡದ ಹೂವು, ಹಾಗೆ. ಇಲ್ಲಿ ರಾಜಕುಮಾರಿ ಇನ್ನೂ ತೊಟ್ಟಿಲಲ್ಲಿದ್ದಳು, ವ್ಯತ್ಯಾಸ ಅಷ್ಟೆ.

ಬಂದವರ ಮಾತನ್ನು ಊರಿನವರಿಗೆ, ಊರಿನವರ ಮಾತನ್ನು ಬಂದವರಿಗೆ ದಾಟಿಸುತ್ತಿದ್ದವಳು ಗಿಣಿ. ಶಾಲೆಯ ದಾಖಲೆಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಅದು ಅವಳಿಗೇ ಅರೆಬರೆ ನೆನಪು. ಚಿಕ್ಕಂದಿನಿಂದ ಯಾರು ಏನು ಹೇಳಿದರೂ ಅದೇ ದನಿಯಲ್ಲಿ ಒಪ್ಪಿಸುತ್ತಿದ್ದಳೆಂದು ಅಜ್ಜಿ ಇಟ್ಟ ಹೆಸರು ಅದು. ಅಜ್ಜಿ ಹೋದ ಮೇಲೆ ಅವಳನ್ನು ಸಾಕಿದ ಅತ್ತೆಗೆ ಬಸ್ ನಿಲ್ದಾಣದ ಹಿಂದೆ ಒಂದು ಲಾಡ್ಜ್ ಇತ್ತು. ಅಲ್ಲಿ ದಾರಿ ತಪ್ಪಿ ಬಂದಿಳಿಯುತ್ತಿದ್ದ ಪರದೇಶದವರ ಬಾಯಿಂದಲೇ ಗಿಣಿ ಅವರ ಭಾಷೆ ಕಲಿತಳು. ಲಾಡ್ಜಿನ ಮೇಜಿನ ಹಿಂದೆ ಅವಳು ಕೂರುವ ಕುರ್ಚಿ. ಕುರ್ಚಿಯ ಪಕ್ಕದ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೊಂದು ನೀರಿನ ಕೊಳವೆ, ಕೊಳವೆ ಸೋರಿ ಆದ ಕಲೆ. ಆ ಕಲೆಯಲ್ಲಿ ಅವಳು ಒಂಟೆ ನೋಡಿದ್ದಳು, ಹಡಗು ನೋಡಿದ್ದಳು, ಹಾಯಿ ಬಿಚ್ಚಿದ ಹಡಗನ್ನೂ ನೋಡಿದ್ದಳು. ಈಗೀಗ ಬರೀ ಕಲೆ ಕಾಣುತ್ತಿತ್ತು.

ಹಾಸಿಗೆ ಸಾಹೇಬ ಬಂದದ್ದು ಆಗ. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಉದ್ದದ ಆಳು. ಅವನ ಕಂಪನಿ ಹೋಟೆಲುಗಳಿಗೆ ಹಾಸಿಗೆ ಒದಗಿಸುವಂಥದ್ದು. ಒಂದು ಮೊಳದ ಮಾದರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. ಊರಿನ ಹೆಂಗಸರು ಅದನ್ನು ಅವನ ಕೂಸು ಅನ್ನುತ್ತಿದ್ದರು. ಮೊದಲ ದಿನವೇ ಪೇಟೆಯ ನಡುವೆ ಮುಚ್ಚಿಬಿದ್ದಿದ್ದ ಹಳೆಯ ಫೋಟೋ ಸ್ಟುಡಿಯೋ ಮುಂದೆ ನಿಂತು ಅವನು ಗಿಣಿಗೆ ಹೇಳಿದ: ಈ ಊರಲ್ಲಿ ಒಂದೇ ಒಂದು ದೊಡ್ಡ ಹೋಟೆಲ್ ನಮ್ಮ ಮಾಲು ತಗೊಂಡರೆ ಸಾಕು, ಇಲ್ಲೊಂದು ಮಳಿಗೆ ತೆರೆಯುತ್ತೇನೆ. ನೋಡಿಕೊಳ್ಳೋದಕ್ಕೆ ಒಬ್ಬರು ಬೇಕಾಗುತ್ತಾರೆ.

ಒಬ್ಬರು ಅಂದ. ನೀನು ಅನ್ನಲಿಲ್ಲ. ಆದರೆ ಸ್ಟುಡಿಯೋಕ್ಕೆ ಬೀದಿಯ ಕಡೆಗೆ ಉದ್ದಕ್ಕೂ ಗಾಜಿನ ಮುಂಭಾಗವಿತ್ತು. ಆ ಗಾಜಿನ ಹಿಂದೆ ಕುಳಿತರೆ ಇಡೀ ಪೇಟೆ ಕಾಣುತ್ತದೆ, ಕೊನೆಯಲ್ಲಿ ಒಂದು ಚೂರು ಸಮುದ್ರವೂ. ಸಾಹೇಬ ಮಾತು ಮುಗಿಸುವಷ್ಟರಲ್ಲಿ ಗಿಣಿ ಮನಸ್ಸಿನಲ್ಲೇ ಒಳಗೆ ಮೇಜು ಹಾಕಿ, ಮೂಲೆಯಲ್ಲೊಂದು ಗಿಡ ಇಟ್ಟು, ಅದಕ್ಕೆ ನೀರೂ ಹಾಕಿ ಆಗಿತ್ತು.

ಊರಿನ ಲಾಡ್ಜುಗಳನ್ನೆಲ್ಲ ಸುತ್ತಿದರು. ಎಲ್ಲ ಕಡೆಯೂ ಕುರ್ಚಿ ಕೊಟ್ಟರು, ಟೀ ಕೊಟ್ಟರು, ಮಾದರಿಯನ್ನು ಹೆಬ್ಬೆರಳಿನಿಂದ ಅದುಮಿ ಅದು ಮತ್ತೆ ಉಬ್ಬುವುದನ್ನು ನೋಡಿ ತಲೆದೂಗಿದರು. ಕೊನೆಗೆ ಎಲ್ಲರೂ ಒಂದೇ ಮಾತು ಹೇಳಿದರು: “ನೋಡೋಣ.”

“ಬೇಡವಂತೆ,” ಎಂದು ಗಿಣಿ ಸಾಹೇಬನಿಗೆ ದಾಟಿಸಿದಳು.

ಮೂರನೆಯ ಲಾಡ್ಜಿನಿಂದ ಹೊರಬರುವಾಗ ಸಾಹೇಬ ಕೇಳಿದ: “ಇಷ್ಟು ಚೆನ್ನಾಗಿ ನಗುತ್ತಾರೆ. ನಿಜವಾಗಿ ಬೇಡ ಅಂದರಾ?”

“ನಗ್ತಾರೆ ಅಂದ್ರೇ ಬೇಡ ಅಂತ, ಸರ್. ಬೇಕಾಗಿದ್ದಿದ್ರೆ ಜಗಳ ಆಡ್ತಿದ್ರು.”

ಸಾಹೇಬ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ. ನಾಳೆಯ ಬಸ್ಸಿಗೆ ಹೊರಡುವ ಮಾತಾಡಿದ. ಉಳಿದಿದ್ದು ಒಂದೇ ಜಾಗ: ದಂಡೆಯ ಮೇಲೆ ಏಳುತ್ತಿದ್ದ ಹೊಸ ಹೋಟೆಲು. ಅರವತ್ತು ಕೋಣೆ. ಅದರ ಯಜಮಾನರು ಬೇರೆ ಯಾರೂ ಅಲ್ಲ, ಅತ್ತೆಯ ಅಣ್ಣ, ಗಿಣಿಯ ದೊಡ್ಡಪ್ಪ.

ದೊಡ್ಡಪ್ಪ ಮರಳಿನ ರಾಶಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ‘ಇಲ್ಲ’ ಎನ್ನುವ ಶಬ್ದ ಅವರ ಬಾಯಿಂದ ಬಿದ್ದದ್ದನ್ನು ಆ ಊರಲ್ಲಿ ಯಾರೂ ಕೇಳಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಎದುರಿನವರಿಗೆ ಯಾವ ಕಡೆಯ ಬೆಳಕು ಬೇಕೋ ಆ ಕಡೆಗೆ ಹೋಗಿ ನಿಲ್ಲಬಹುದಿತ್ತು. ಸಾಹೇಬ ಹೇಳಿದ್ದನ್ನೆಲ್ಲ ಕೇಳಿದರು. ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು.

“ಚೆನ್ನಾಗಿದೆ. ಬೆಣ್ಣೆ ಇದ್ದ ಹಾಗಿದೆ. ಬೆಣ್ಣೆ ಮೇಲೆ ಯಾರಾದ್ರೂ ಮಲಗ್ತಾರಾ ಗಿಣಿ?”

“ಇದನ್ನೂ ಹೇಳ್ಲಾ ದೊಡ್ಡಪ್ಪ?”

“ಬೇಡ ಬೇಡ. ಪಾಪ, ದೂರದಿಂದ ಬಂದಿದ್ದಾರೆ.” ಅವರು ಎದ್ದು ನಿಂತು ಸಾಹೇಬನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನೋಡೋಣ. ಹೋಗಿ ಬನ್ನಿ.”

ಸಾಹೇಬ ಗಿಣಿಯತ್ತ ತಿರುಗಿದ. ಬೇಡವಂತೆ ಎಂದು ಕೇಳಲು ಮುಖವನ್ನು ಆಗಲೇ ಸಿದ್ಧ ಮಾಡಿಕೊಂಡಿದ್ದ. ಆ ಮುಖದ ಹಿಂದೆ ಗಿಣಿಗೆ ನಾಳೆಯ ಬಸ್ಸು ಕಂಡಿತು. ಬಸ್ಸಿನ ಹಿಂದೆ ಗಾಜಿನ ಅಂಗಡಿ, ಅದರ ಹಿಂದೆ ಗೋಡೆ, ಕೊಳವೆ, ಕಲೆ.

“ನೋಡೋಣ ಅಂತಿದ್ದಾರೆ,” ಎಂದಳು, ಅವನ ಭಾಷೆಯಲ್ಲಿ ಪದಕ್ಕೆ ಪದ ಇಟ್ಟು. “ಹೋಗಿ, ಬನ್ನಿ ಅಂತಿದ್ದಾರೆ.”

ಒಂದಕ್ಷರ ಸೇರಿಸಿರಲಿಲ್ಲ, ಒಂದಕ್ಷರ ಬಿಟ್ಟಿರಲಿಲ್ಲ. ಗಿಣಿಯ ಕೆಲಸವೇ ಅದು.

ಸಾಹೇಬನ ಮುಖ ಅರಳಿದ ರೀತಿಗೆ ದೊಡ್ಡಪ್ಪನೂ ಒಂದು ಕ್ಷಣ ತಬ್ಬಿಬ್ಬಾದರು. ಬೇಡ ಅಂದದ್ದಕ್ಕೆ ಇಷ್ಟು ಸಂತೋಷಪಡುವ ವ್ಯಾಪಾರಿಯನ್ನು ಅವರು ಕಂಡಿರಲಿಲ್ಲ.

ಇವರು ಕಂಬಿಗಳ ನಡುವೆ ದಾರಿ ಮಾಡಿಕೊಂಡು ಹೊರಬರುತ್ತಿರುವಾಗ ಎದುರಿನಿಂದ ಹತ್ತಿ ಮಾವ ಬಂದರು. ದೊಡ್ಡಮ್ಮನ ತಮ್ಮ, ಹತ್ತಿಯ ಹಾಸಿಗೆ ಹೊಲಿಸುವವರು. ಅವರ ಹುಬ್ಬಿನ ಮೇಲೆ ಯಾವಾಗಲೂ ಒಂದೆಳೆ ಹತ್ತಿ ಇರುತ್ತಿತ್ತು. ಸಾಹೇಬನ ಕಂಕುಳನ್ನು ಓರೆಗಣ್ಣಿನಿಂದ ನೋಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪನ ದನಿ ಗೇಟಿನವರೆಗೂ ಕೇಳಿತು: “ನೋಡೋಣ ಮಾರಾಯ. ಹೋಗಿ ಬಾ.”

ಹತ್ತಿ ಮಾವ ಬೇಗನೇ ಹೊರಗೆ ಬಂದರು.

“ಏನಂದ್ರು ಮಾವ?”

“ಇನ್ನೇನು ಅಂತಾರೆ? ನೋಡೋಣ ಅಂದ್ರು. ಅಕ್ಕನ ಗಂಡ ಅಂತ ಬಂದೆ ನೋಡು, ನನ್ನ ಬುದ್ಧಿಗೆ.” ಅವರು ಚಪ್ಪಲಿಯೊಳಗಿನ ಮರಳು ಕೊಡವಿ, ತಿರುಗಿ ನೋಡದೆ ನಡೆದರು.

ಆ ಸಂಜೆ ಸಾಹೇಬ ಲಾಡ್ಜಿನ ಬೆಂಚಿನ ಮೇಲೆ ಗಿಣಿಯನ್ನು ಕೂರಿಸಿಕೊಂಡು, ನಿಮ್ಮ ದೊಡ್ಡಪ್ಪ ಹೇಳಿದ ಮಾತನ್ನು ನನಗೆ ಕಲಿಸು ಎಂದ. ಅದೇ ಸದ್ದು ಅವನ ಕಿವಿಗೆ ಹಿಂದೆಯೂ ಬಿದ್ದಿತ್ತು. ಆದರೆ ಅರ್ಥ ಗೊತ್ತಿಲ್ಲದ ಮಾತು ಕಿವಿಯಲ್ಲಿ ನಿಲ್ಲುವುದಿಲ್ಲ. ಅವನು ನಾಲಿಗೆ ಮಡಿಸಿ ‘ಣ’ ಅನ್ನುವಷ್ಟರಲ್ಲಿ ಅತ್ತೆ ಎರಡು ಸಲ ನಕ್ಕು ಮೂರನೆಯ ಸಲ ಒಳಗೆ ಹೋದಳು. ನೋಡೋಣ. ಹೋಗಿ ಬನ್ನಿ. ಅರ್ಥವನ್ನು ಗಿಣಿ ಮತ್ತೊಮ್ಮೆ ಪದಪದವಾಗಿ ಬಿಡಿಸಿ ಹೇಳಿದಳು. ಇನ್ನೊಂದು ಅರ್ಥ ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಮಾರನೆಯ ದಿನ ಅವನು ಹೋದ.

ಹೋಟೆಲಿಗೆ ಗಾರೆ ಮುಗಿಯಿತು, ಬಣ್ಣ ಮುಗಿಯಿತು, ಕಿಟಕಿಗಳಿಗೆ ಪರದೆ ಬಂತು. ದೊಡ್ಡ ಶಹರದ ಪ್ರವಾಸದ ಕಂಪನಿಯೊಂದು ಮೊದಲ ತಂಡವನ್ನು ಕಳಿಸುವುದಾಗಿ ಬರೆದು ತಾರೀಖನ್ನೂ ಗೊತ್ತು ಮಾಡಿತು. ಗಿಣಿ ಮೇಜಿನ ಹಿಂದೆ ಕೂತು ಬೀಗದ ಕೈ ಕೊಡುತ್ತ, ತೆಗೆದುಕೊಳ್ಳುತ್ತ ಇದ್ದಳು. ಪೇಟೆಗೆ ಹೋದಾಗಲೆಲ್ಲ ಸ್ಟುಡಿಯೋದ ಗಾಜಿಗೆ ಹಣೆಯಿಟ್ಟು ಒಳಗೆ ನೋಡುತ್ತಿದ್ದಳು. ಒಳಗಿದ್ದದ್ದು ಮುರಿದ ಸ್ಟೂಲು, ಹಿಂದಿನ ಗೋಡೆಗೆ ಬರೆದ ಒಂದು ಸರೋವರ.

ಒಂದು ಮಧ್ಯಾಹ್ನ ಲಾಡ್ಜಿನ ಬಾಗಿಲಲ್ಲಿ ತಲೆ ತಗ್ಗಿಸಿ ಒಬ್ಬ ಒಳಗೆ ಬಂದ. ಕಂಕುಳಲ್ಲಿ ಕೂಸಿರಲಿಲ್ಲ.

“ಹೋಗಿ ಬಂದೆ,” ಎಂದ ಸಾಹೇಬ, ಅವಳ ಮಾತಿನಲ್ಲೇ. ಆಮೇಲೆ ತನ್ನ ಭಾಷೆಗೆ ಇಳಿದ. ಅರವತ್ತು ಹಾಸಿಗೆಗಳು ಬಂದರಿನ ಗೋದಾಮಿನಲ್ಲಿವೆ. ಒಂದನ್ನು ಲಾರಿಯಲ್ಲಿ ತಂದಿದ್ದೇನೆ. ನಿಮ್ಮ ದೊಡ್ಡಪ್ಪ ನೋಡೋಣ ಅಂದಿದ್ದರಲ್ಲ, ನೋಡಲಿ.

ಅಜ್ಜಿಯ ಒಂದು ಕತೆಯಲ್ಲಿ ರಾಜ ಊಟದ ಅಮಲಿನಲ್ಲಿ ‘ಆಗಲಿ’ ಎಂದುಬಿಡುತ್ತಿದ್ದ, ಬೆಳಗಾಗುವಷ್ಟರಲ್ಲಿ ಅದು ಆಗಿಬಿಟ್ಟಿರುತ್ತಿತ್ತು. ರಾಜನ ಗತಿ ಏನಾಯಿತೆಂದು ಅಜ್ಜಿ ಹೇಳುತ್ತಿದ್ದಳು. ಪಕ್ಕದಲ್ಲಿದ್ದು ಆ ಮಾತು ಒಪ್ಪಿಸಿದ ಗಿಣಿಯ ಗತಿ ಹೇಳುತ್ತಿರಲಿಲ್ಲ.

ಹೋಟೆಲಿನ ಕೆಳಮಹಡಿಯ ಕೋಣೆಯೊಂದರಲ್ಲಿ ಹಾಸಿಗೆ ಇಳಿಸಿದರು. ದೊಡ್ಡಪ್ಪ ಅದನ್ನು ನೋಡಿದರು, ಸಾಹೇಬನನ್ನು ನೋಡಿದರು, ಗಿಣಿಯನ್ನು ಕಾರಿಡಾರಿಗೆ ಕರೆದರು.

“ಏನಮ್ಮಾ ಇದು? ನಾನಿವರಿಗೆ ಏನು ಹೇಳಿದ್ದೆ, ನೀನೇನು ಹೇಳಿದೆ?”

“ನೀವು ಹೇಳಿದ್ದನ್ನೇ ಹೇಳಿದೆ ದೊಡ್ಡಪ್ಪ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ.”

“ನಾನು ನೋಡೋಣ ಅಂದಿದ್ದೆ.”

“ನಾನೂ ನೋಡೋಣ ಅಂತಾನೇ ಹೇಳಿದೆ.”

“ಹೋಗಿ ಬನ್ನಿ ಅಂದಿದ್ದೆ.”

“ಹೋಗಿ ಬಂದಿದ್ದಾರೆ.”

ತಮ್ಮ ಮಾತನ್ನು ಯಾರಾದರೂ ಹಾಗೇ ಹಿಂದಕ್ಕೆ ತಂದುಕೊಟ್ಟರೆ ಎಲ್ಲಿ ಇಟ್ಟುಕೊಳ್ಳಬೇಕೆಂದು ದೊಡ್ಡಪ್ಪನಿಗೆ ತಿಳಿದಿರಲಿಲ್ಲ. “ನೀನು ಗಿಣಿಯಲ್ಲ, ಗಿಡುಗ,” ಎಂದರು ಕೊನೆಗೆ. “ಇರ್ಲಿ. ನಿನ್ನ ಮಾವನ ಹತ್ತಿ ಹಾಸಿಗೆ ಬರೋದಿದೆ. ಅದು ಬಂದುಬಿಟ್ರೆ ಇವರಿಗೇ ಅರ್ಥ ಆಗುತ್ತೆ.”

“ಯಾರ ಹತ್ತಿ ಹಾಸಿಗೆ?” ಪರದೆಗಳನ್ನು ಎಣಿಸುತ್ತ ಅದೇ ಕಾರಿಡಾರಿನಲ್ಲಿ ಬರುತ್ತಿದ್ದ ದೊಡ್ಡಮ್ಮ ಕೇಳಿದರು.

“ನಿನ್ನ ತಮ್ಮಂದು ಕಣೇ. ನಾಳೆ ಹೇಳಿಕಳಿಸ್ತೀನಿ.”

“ಅವನು ಕಾಲೇಜು ಹಾಸ್ಟೆಲಿನವರ ಹಾಸಿಗೆ ಕೆಲಸ ಒಪ್ಕೊಂಡು ಯಾವ ಕಾಲ ಆಯ್ತು. ತಲೆ ಎತ್ತೋಕೆ ಪುರುಸೊತ್ತಿಲ್ಲ ಅವನಿಗೆ. ನೀವು ಬೇಡ ಅಂದ್ರಂತಲ್ಲ.”

“ನಾನೆಲ್ಲಿ ಬೇಡ ಅಂದೆ? ನೋಡೋಣ ಅಂದೆ.”

“ನಿಮ್ಮ ನೋಡೋಣ ಅವನಿಗೆ ಗೊತ್ತಿಲ್ವಾ? ಮದುವೆಯಾದಾಗಿಂದ ನಾನು ಅದನ್ನೇ ತಾನೇ ಕೇಳ್ತಿರೋದು. ಕಿವಿಗೆ ಓಲೆ ಅಂದ್ರೆ ನೋಡೋಣ, ಅಡುಗೆಮನೆಗೆ ಕಿಟಕಿ ಅಂದ್ರೆ ನೋಡೋಣ.”

“ಅದು ನಿಜವಾದ ನೋಡೋಣ ಆಗಿತ್ತು!”

“ಹಾಗಿದ್ರೆ ಬೇರೆ ಬಣ್ಣ ಬಳಿದು ಕೊಡ್ಬೇಕಿತ್ತು. ಅವನಿಗೆ ಹೇಗೆ ಗೊತ್ತಾಗುತ್ತೆ?” ದೊಡ್ಡಮ್ಮ ಲೆಕ್ಕ ತಪ್ಪಿತೆಂದು ಗೊಣಗುತ್ತ ಮೊದಲ ಪರದೆಗೆ ವಾಪಸಾದರು.

ದೊಡ್ಡಪ್ಪ ಗೋಡೆಗೆ ಒರಗಿ ನಿಂತರು. ಹೊಸ ಬಣ್ಣ ಅಂಗಿಗೆ ಹತ್ತುವುದನ್ನು ಗಿಣಿ ನೋಡಿದಳು, ಹೇಳಲಿಲ್ಲ. ಬೇಕಾದವನಿಗೂ ಬೇಡವಾದವನಿಗೂ ಅವರು ಒಂದೇ ಮಾತು ಕೊಟ್ಟಿದ್ದರು. ಸ್ವಂತದವನು ನಂಬದೆ ಹೋದ. ಪರದೇಶದವನು ನಂಬಿ ಬಂದ. ಪ್ರವಾಸಿಗರ ಬಸ್ಸು ಬರುವ ಹೊತ್ತಿಗೆ ಅರವತ್ತು ಮಂಚಗಳ ಮೇಲೆ ಏನಾದರೂ ಇರಲೇಬೇಕಿತ್ತು.

ಕೋಣೆಯೊಳಗೆ ಹೋಗಿ ದೊಡ್ಡಪ್ಪ ಹಾಸಿಗೆಯ ಅಂಚಿನಲ್ಲಿ ಕೂತರು. ಆಮೇಲೆ ಕಾಲು ಮೇಲಕ್ಕೆಳೆದುಕೊಂಡು ಅಂಗಾತ ಮಲಗಿದರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿದರು. ಸಾಹೇಬ ಬಾಗಿಲ ಬಳಿ ಕೈ ಕಟ್ಟಿಕೊಂಡು ನಿಂತಿದ್ದ.

“ಗಿಣಿ,” ಎಂದರು ದೊಡ್ಡಪ್ಪ ಮಲಗಿದ್ದಲ್ಲಿಂದಲೇ. “ಬೇಕು ಅಂತ ಹೇಳು. ಅರವತ್ತೂ ಬೇಕು. ಈ ಸಲ ಇನ್ನೊಂದರ್ಥ ಇಲ್ಲ.”

ಅವಳು ದಾಟಿಸಿದಳು.

ಸಾಹೇಬನೂ ಗಿಣಿಯೂ ದಂಡೆಯ ರಸ್ತೆ ಹಿಡಿದು ಪೇಟೆಗೆ ನಡೆದರು. ಅವನು ಲಾರಿ, ಗೋದಾಮು, ಇಳಿಸುವ ಆಳುಗಳು ಅಂತ ಮಾತಾಡುತ್ತಲೇ ಇದ್ದ. ಮಳಿಗೆಯ ಮಾತೊಂದನ್ನು ಬಿಟ್ಟು. ಸ್ಟುಡಿಯೋ ಹತ್ತಿರ ಬಂದಾಗ ಗಿಣಿಯ ಕಾಲು ತಾನಾಗಿ ನಿಂತಿತು. ಕೇಳಿಬಿಟ್ಟಳು: ದೊಡ್ಡ ಹೋಟೆಲು ಸಿಕ್ಕಿತಲ್ಲ ಸರ್, ಅಂಗಡಿ ತೆರೀತೀರಾ? ನೋಡಿಕೊಳ್ಳೋದಕ್ಕೆ ನಾನಾಗಬಹುದಾ?

ಸಾಹೇಬ ಗಾಜನ್ನು ನೋಡಿದ, ಅವಳನ್ನು ನೋಡಿದ. ಬೆನ್ನು ನೆಟ್ಟಗೆ ಮಾಡಿಕೊಂಡು, ನಾಲಿಗೆಯನ್ನು ಜೋಪಾನವಾಗಿ ಮಡಿಸಿ, ಅವಳ ಮಾತಿನಲ್ಲಿ ಹೇಳಿದ: “ನೋಡೋಣ. ಹೋಗಿ ಬನ್ನಿ.”

ಕೈ ಬೀಸಿ ತನ್ನ ದಾರಿ ಹಿಡಿದ.

ಗಿಣಿ ಲಾಡ್ಜಿಗೆ ಬಂದಾಗ ಅತ್ತೆ ಒಗೆದ ಹೊದಿಕೆಗಳನ್ನು ಮಡಿಸುತ್ತಿದ್ದಳು. “ಏನಂದ ನಿನ್ನ ಸಾಹೇಬ?”

“ನೋಡೋಣ ಅಂದ.”

ಅತ್ತೆಯ ಕೈ ನಿಂತಿತು. ಮಡಿಸಿದ್ದನ್ನು ಮತ್ತೊಮ್ಮೆ ಬಿಡಿಸಿ ಮಡಿಸಿದಳು. “ಹೋಗ್ಲಿ ಬಿಡು. ಕುರ್ಚಿ ಎಲ್ಲಿಗೂ ಹೋಗಲ್ಲ. ಬಾ, ಆ ತುದಿ ಹಿಡ್ಕೋ.”

ಗಿಣಿ ತುದಿ ಹಿಡಿದಳು. ಕಿಟಕಿಯಾಚೆ ಕಲೆ ಇದ್ದಲ್ಲೇ ಇತ್ತು. ಈ ಊರಿನಲ್ಲಿ ಹುಟ್ಟಿದವನೊಬ್ಬ ಆ ಮಾತು ಹೇಳಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೇಳಿದವನು ಅದನ್ನು ಎಲ್ಲಿ ಕಲಿತ? ಇದೇ ಕೋಣೆಯಲ್ಲಿ, ಇದೇ ಬೆಂಚಿನ ಮೇಲೆ.

“ಅತ್ತೆ, ಅವನಿಗೆ ಆ ಮಾತು ಕಲಿಸಿದ್ದು ನಾನು.”

“ಹೂಂ. ಅದಕ್ಕೇನೀಗ?”

“ಒಂದೇ ಅರ್ಥ ಕಲಿಸಿದ್ದೆ.”

ಅತ್ತೆ ಹೊದಿಕೆಯ ಮೇಲಿಂದ ಅವಳ ಮುಖವನ್ನು ದಿಟ್ಟಿಸಿದಳು. “ನಿಮ್ಮಜ್ಜಿ ನಿನ್ನ ತಲೆ ಹಾಳು ಮಾಡಿಟ್ಟು ಹೋದ್ಲು,” ಎಂದಳು. ಆದರೆ ಬೆಳಗ್ಗೆ ಮೇಜಿನ ಹಿಂದಿನ ಕುರ್ಚಿಯಲ್ಲಿ ತಾನೇ ಹೋಗಿ ಕೂತಳು.

ಪೇಟೆಯಲ್ಲಿ ಆಗಿನ್ನೂ ಅಂಗಡಿಗಳ ಮುಂದೆ ನೀರು ಹಾಕುತ್ತಿದ್ದರು. ಸ್ಟುಡಿಯೋದ ಬಾಗಿಲಿಗೆ ಬೀಗವಿತ್ತು. ಗಿಣಿ ಮೆಟ್ಟಿಲಿನ ಮೇಲೆ ಕೂತಳು. ಹೂವಿನವಳು ಯಾರಿಗೆ ಕಾಯ್ತಿದ್ದೀಯಾ ಎಂದು ಕೇಳಿ ಹೋದಳು, ಸೈಕಲ್ ರಿಪೇರಿಯವನು ಕೇಳದೆ ನೋಡಿ ಹೋದ. ಬಿಸಿಲು ಮೊದಲ ಮೆಟ್ಟಿಲಿಗೆ ಇಳಿದು, ಎರಡನೆಯದಕ್ಕೂ ಇಳಿಯಿತು. ಗಿಣಿಗೆ ತಾನು ಊರಿನ ಬುದ್ಧಿಯನ್ನೇ ನಂಬಬೇಕಿತ್ತೇನೋ ಅನ್ನಿಸತೊಡಗಿತ್ತು.

ಆಗ ಬೀದಿಯ ಆ ಕೊನೆಯಿಂದ ಉದ್ದದ ಆಳು ಬಂದ. ಜೊತೆಯಲ್ಲಿ ಕಟ್ಟಡದ ಯಜಮಾನ, ಕೈಯಲ್ಲಿ ಕೀಲಿಕೈ. ಅವಳು ಅಲ್ಲಿ ಕೂತಿದ್ದಕ್ಕೆ ಸಾಹೇಬ ಆಶ್ಚರ್ಯಪಡಲಿಲ್ಲ. ಬರಹೇಳಿದವರು ಬಂದಿದ್ದರೆ ಆಶ್ಚರ್ಯವೇನು. ಒಳಗೆ ಹೋಗಿ, ಜೇಬಿನಿಂದ ಅಳತೆಯ ಟೇಪು ತೆಗೆದು, ಒಂದು ತುದಿಯನ್ನು ಅವಳ ಕಡೆ ಚಾಚಿದ. ಗಿಣಿ ಅದನ್ನು ಹಿಡಿದುಕೊಂಡು ಗಾಜಿನವರೆಗೂ ನಡೆದಳು.