ಕರಿಮೂತಿಯ ಅಳತೆ

"ಕೊಡೆ, ಕೋಲು, ಬೆಲ್ಟು, ಜೋತಾಡೋದು ಏನಿದ್ರೂ ಈ ಬುಟ್ಟೀಲಿ ಹಾಕಿ ಒಳಗೆ ಬನ್ನಿ," ಎಂದಳು ನಾಯಿಗಳನ್ನು ನೋಡಿಕೊಳ್ಳುವ ಹೆಂಗಸು.

"ಹಾಕ್ತೀನಮ್ಮ. ಪ್ಯಾಂಟು ನಾನೇ ಹೊಲ್ದಿರೋದು, ಬೆಲ್ಟಿಲ್ದಿದ್ರೂ ಜಾರಲ್ಲ," ಎಂದ ದರ್ಜಿ. ಅವಳು ನಕ್ಕಳು. ಅವನ ತಂಗಿ ಮಾತ್ರ ನಗಲಿಲ್ಲ. ಅವಳ ಜೀವವೆಲ್ಲ ಕೊನೆಯ ಗೂಡಿನ ನಾಯಿ ಕರಿಮೂತಿಯ ಮೇಲಿತ್ತು.

ಹೊಡೆಯುವವರ ಕೈಯಿಂದ ಬಿಡಿಸಿ ತಂದ ನಾಯಿಗಳ ಆಶ್ರಯ ಅದು. ಬಂದವರು ಹೇಗಿರಬೇಕೆಂಬುದಕ್ಕೆ ಅಲ್ಲಿ ಭಾರಿ ಕಟ್ಟುನಿಟ್ಟು. ದನಿ ಎತ್ತಬಾರದು, ದುರುಗುಟ್ಟಿ ನೋಡಬಾರದು; ನಾಯಿಗೆ ಬೆನ್ನು ಹಾಕಿ ನೆಲದ ಮೇಲೆ ಕೂರಬೇಕು, ಅದೇ ಬರಲಿ. ತಂಗಿ ವಾರವಾರವೂ ಹಾಗೆ ಕೂತು ಕೂತು ಕಾಲು ಜೋಮು ಹಿಡಿಸಿಕೊಂಡಿದ್ದಳು. ಹೋದ ವಾರ ಕರಿಮೂತಿ ತಾನಾಗಿ ಬಂದು ಅವಳ ಬೆನ್ನು ಮೂಸಿತ್ತಂತೆ. ಇವತ್ತೂ ಬಂದರೆ ಮನೆಗೆ ಕರೆದೊಯ್ಯಬಹುದು ಎಂದಿದ್ದರು. ಕಾರಿದೆಯಲ್ಲ ಅಂತ ಅಣ್ಣನನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಬಂದವಳು, ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡಿರು ಎಂದು ಗೋಗರೆದಿದ್ದಳು.

ಬಾಯನ್ನೇನೋ ದರ್ಜಿ ಮುಚ್ಚಿಕೊಂಡೇ ಇದ್ದ. ಇಬ್ಬರೂ ಗೂಡಿನೊಳಗೆ ಕೂತ ಸ್ವಲ್ಪ ಹೊತ್ತಿಗೆ ಉಗುರಿನ ಸದ್ದು ಹತ್ತಿರ ಬಂತು. ಕರಿಮೂತಿ ತಂಗಿಯನ್ನು ಮೂಸಿ, ಒಂದು ಸುತ್ತು ಬಂದು, ಅವಳ ಮೊಣಕಾಲಿಗೆ ಗದ್ದ ಊರಿತು. ಬಡಕಲು ಮೈ, ಬೆನ್ನಿನ ಮೇಲೆ ಕೂದಲೇ ಇಲ್ಲ. ಚಳಿಗೆ ಇದಕ್ಕೊಂದು ಅಂಗಿ ಹೊಲಿಯಬೇಕು ಎಂದು ದರ್ಜಿ ಅಂದುಕೊಂಡದ್ದೇ ತಡ, ಕೈ ತಾನಾಗಿ ಕೊರಳಿಗೆ ಹೋಗಿ, ಕಾಲರಿನಡಿ ಇದ್ದ ಅಳತೆ ಟೇಪನ್ನು ಸರ್ರನೆ ಎಳೆಯಿತು. ಬೆಳಗಾದರೆ ಕೊರಳಿಗೆ ಬೀಳುವ ಆ ಟೇಪು ಅವನ ಪಾಲಿಗೆ ಸಾಮಾನೇ ಅಲ್ಲ, ಮೈಯ ಭಾಗ. ಬುಟ್ಟಿಗೆ ಹಾಕುವುದು ಹೊಳೆದೇ ಇರಲಿಲ್ಲ.

ಕರಿಮೂತಿ ಬೊಗಳಲಿಲ್ಲ. ಉಚ್ಚೆ ಹೊಯ್ದುಕೊಂಡು, ಹೊಟ್ಟೆಯ ಮೇಲೆ ತೆವಳುತ್ತ ಮೂಲೆ ಸೇರಿ, ಗೋಡೆಗೆ ಮುಖವಿಟ್ಟು ಏಟಿಗೆ ಕಾಯುತ್ತ ಮಲಗಿತು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ದರ್ಜಿಗೆ. ಯಾರೋ ಪಾಪಿ ಎಂದೋ ಬೀಸಿದ ಬೆಲ್ಟನ್ನು ಇವತ್ತು ತಾನೇ ಹಿಡಿದುಕೊಂಡ ಹಾಗಾಯಿತು. ಟೇಪನ್ನು ಮುದ್ದೆ ಮಾಡಿ ಅಂಗಿಯೊಳಗೆ ತುರುಕಿಕೊಂಡ.

ಹೊರಗೆ ಬಂದ ಮೇಲೆ ಆ ಹೆಂಗಸು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇವತ್ತು ಕಳಿಸುವ ಹಾಗಿಲ್ಲ, ಇನ್ನು ಮೊದಲಿಂದ ಶುರು ಮಾಡಬೇಕು ಎಂದಳು ಮೆಲ್ಲಗೆ. ನೆಲವನ್ನಾದರೂ ಒರೆಸಿಕೊಡುತ್ತೇನೆಂದ. ಈಗ ಯಾರೂ ಒಳಗೆ ಹೋಗುವುದೇ ಬೇಡ ಎಂದಳು.

ಕಾರಿನ ಹತ್ತಿರ ಅವನಿಗೆ ತಂಗಿಯ ಮುಖ ನೋಡಲಾಗಲಿಲ್ಲ. ಅವಳ ಚಪ್ಪಲಿಯ ಜೊತೆ ಮಾತಾಡಿದ.

"ಅಂಗಿ ಹೊಲಿಯೋಣ ಅಂತ ಕಣೇ..."

"ಗೊತ್ತು ಅಣ್ಣ."

"ಮುಂದಿನ ವಾರ ನಾನು ಗೇಟಿನ ಹೊರಗೇ ಇರ್ತೀನಿ."

"ಬೇಡ ಬಿಡು. ಬಸ್ಸಲ್ಲಿ ಬರ್ತೀನಿ."

ಅವನು ಮುಂದಿನ ಬಾಗಿಲು ತೆರೆದು ಹಿಡಿದ. ಅವಳು ಹಿಂದಿನದನ್ನು ತೆಗೆದು, ನಾಯಿಗೆಂದು ಹಾಸಿದ್ದ ಕಂಬಳಿಯ ಪಕ್ಕ ಕೂತು, ಬಾಗಿಲು ಎಳೆದುಕೊಂಡಳು.