ಇಸಾಕ ಮುಚ್ಚಿದ ತೂತು

ವಿಸಿಪಿ ಎಂದರೇನು, ವಿಸಿಆರ್ ಎಂದರೇನು ಎಂದು ತಿಕೋಂಡಿಯಲ್ಲಿ ಬಲ್ಲವನು ತಾನೊಬ್ಬನೇ ಎಂದು ಇಸಾಕ ನಂಬಿಕೊಂಡಿದ್ದ. ನಂಬಿಕೆಗೆ ಆಧಾರ ಇಷ್ಟೇ: ಊರಲ್ಲಿ ಎರಡೂ ಇದ್ದದ್ದು ಅವನೊಬ್ಬನ ಮನೆಯಲ್ಲಿ. ಹೊಟ್ಟೆಪಾಡಿಗೆ ಅವನು ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ, ತೂತು ಬಿದ್ದ ಕೊಡಗಳಿಗೆ ಬೆಸುಗೆ ಹಚ್ಚುತ್ತಿದ್ದ. ಮನೆಮನೆಗೆ ಸ್ಟೀಲು ಬಂದ ಮೇಲೆ ವಿಸಿಪಿಯನ್ನು ಬಾಡಿಗೆಗೆ ಕೊಡತೊಡಗಿದ. ತೊಂಬತ್ತೆಂಟರಲ್ಲಿ ವಿಜಾಪುರದಿಂದ ಹಳೆಯದೊಂದು ವಿಸಿಆರ್ ತಂದ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ವಿಸಿಪಿ ಕ್ಯಾಸೆಟ್ಟಿನಲ್ಲಿದ್ದ ಚಿತ್ರವನ್ನು ಬರೀ ತೋರಿಸುತ್ತದೆ, ವಿಸಿಆರ್ ತೋರಿಸುವುದಲ್ಲದೆ ಕ್ಯಾಸೆಟ್ಟಿಗೆ ತುಂಬಿಯೂ ಕೊಳ್ಳುತ್ತದೆ ಎಂದು ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಪಾಠ ಹೇಳುತ್ತಿದ್ದ. ಅಷ್ಟು ಅವನಿಗೆ ನಿಜಕ್ಕೂ ಗೊತ್ತಿತ್ತು. ಅದರಾಚೆ ಏನೂ ಗೊತ್ತಿಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ. ಈಗಲೂ ಈ ಕಥೆ ಹೇಳುವಾಗ ಅವನು ತನ್ನನ್ನು ಮಂಗನೆಂದೇ ಕರೆದುಕೊಳ್ಳುತ್ತಾನೆ, ಮಾಣಿಕ್ಯ ಕೈಗೆ ಸಿಕ್ಕ ಮಂಗ.

ಆ ಮಾಣಿಕ್ಯವನ್ನು ಇಸಾಕನ ಮನೆಗೆ ತಂದವಳು ಓಣಿಯ ಸಿದ್ದಲಿಂಗವ್ವ. ಅವಳ ಗಂಡ ಸೋಮನಿಂಗಪ್ಪ ತೀರಿ ಮೂರು ವರ್ಷವಾಗಿತ್ತು. ಅವನು ಓಡಾಡುವುದು ಕಾಣುತ್ತಿದ್ದದ್ದು ಒಂದೇ ಕಡೆ, ಮಗಳು ದಾಕ್ಷಾಯಣಿಯ ಮದುವೆಯ ಕ್ಯಾಸೆಟ್ಟಿನಲ್ಲಿ. ಅದು ಗುಡ್ಡಾಪುರದಲ್ಲಿ, ಮಗಳ ಗಂಡನ ಮನೆಯಲ್ಲಿತ್ತು. ಪಂಚಮಿಗೆ ತವರಿಗೆ ಬಂದ ದಾಕ್ಷಾಯಣಿ ಅದನ್ನು ಹಿಡಿದು ತಂದಿದ್ದಳು. ತಾಯಿಗೊಂದು ಕಾಪಿ ಮಾಡಿಕೊಟ್ಟರೆ, ನೆನಪಾದಾಗೆಲ್ಲ ಇಸಾಕನ ಮನೆಗೆ ಬಂದು ನೋಡಿಕೊಂಡು ಹೋಗುತ್ತಾಳೆ ಎಂಬುದು ಅವಳ ಆಸೆ. ಮರುದಿನವೇ ಅವಳು ಹೊರಡಬೇಕಿತ್ತು. ಅದೊಂದು ಕೆಲಸವೇ ಎಂದ ಇಸಾಕ.

ವೈರುಗಳನ್ನು ಅವನು ತಪ್ಪಿಲ್ಲದೆ ಜೋಡಿಸಿದ. ವಿಸಿಪಿಯ ಔಟ್‌ನಿಂದ ವಿಸಿಆರ್‌ನ ಇನ್‌ಗೆ, ಚಿತ್ರಕ್ಕೆ ಹಳದಿ, ದನಿಗೆ ಬಿಳಿ. ಆಮೇಲೆ ಕ್ಯಾಸೆಟ್ಟುಗಳನ್ನು ಕೂಡಿಸುವ ಸರದಿ ಬಂತು. ಮನೆಗೆ ಹಿರಿಯರು ಬಂದರೆ ಹರಕು ಚಾಪೆಯ ಮೇಲೆ ಕೂಡಿಸುತ್ತಾರೆಯೇ? ಸೋಮನಿಂಗಪ್ಪ ಇರುವ ಮದುವೆಯ ಕ್ಯಾಸೆಟ್ಟನ್ನು ಒಳ್ಳೆಯ ಮಷೀನಾದ ವಿಸಿಆರ್‌ಗೆ ಹಾಕಿದ, ಖಾಲಿ ಕ್ಯಾಸೆಟ್ಟನ್ನು ಡಕೋಟಾ ವಿಸಿಪಿಗೆ ತುರುಕಿದ. ಮಾಡಬೇಕಾದದ್ದು ಸರಿಯಾಗಿ ಇದಕ್ಕೆ ತಿರುವುಮುರುವು, ತುಂಬುವಾಗ ವಿಸಿಆರ್ ತನ್ನೊಳಗಿನ ಕ್ಯಾಸೆಟ್ಟಿನಲ್ಲಿ ಮೊದಲಿದ್ದದ್ದನ್ನು ಅಳಿಸುತ್ತದೆ. ಮರ್ಯಾದೆ ಕೊಡಲು ಹೋಗಿ ಇಸಾಕ ಹಿರಿಯರನ್ನು ಕಟುಕನ ಕಟ್ಟೆಯ ಮೇಲೆ ಕೂಡಿಸಿದ್ದ.

ತುಂಬುವ ಗುಂಡಿ ಒತ್ತಿದರೆ ವಿಸಿಆರ್ ಕ್ಯಾಸೆಟ್ಟನ್ನು ಹೊರಗೆ ಉಗುಳಿತು. ಇನ್ನೊಮ್ಮೆ ಹಾಕಿದ, ಇನ್ನೊಮ್ಮೆ ಉಗುಳಿತು. ಗೊತ್ತಿಲ್ಲದಿದ್ದರೆ ಜತ್ತದ ವಿಡಿಯೋ ಅಂಗಡಿಯವನಿಗೆ ಫೋನು ಮಾಡಿ ಕೇಳಬಾರದೇ ಎಂದು ಹೆಂಡತಿ ಜುಬೇದಾ ಅಂದಳು. ಕೇಳುವುದೆಂದರೆ ಇಸಾಕನಿಗೆ ಮೂಗು ಕೊಯ್ಯಿಸಿಕೊಂಡಂತೆ. ಕ್ಯಾಸೆಟ್ಟನ್ನು ತಿರುಗಿಸಿ ನೋಡಿದ. ಅದರ ಬೆನ್ನಿನ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಚೂರೊಂದು ಮುರಿದು ಸಣ್ಣ ತೂತಾಗಿತ್ತು. ಮದುವೆಯ ಮೇಲೆ ಯಾರೂ ಮತ್ತೊಂದನ್ನು ತುಂಬದಿರಲೆಂದು ವಿಡಿಯೋದವನು ಬೇಕೆಂದೇ ಅದನ್ನು ಮುರಿದಿದ್ದ. ಇಸಾಕನಿಗೆ ಅದೆಲ್ಲ ಎಲ್ಲಿಯದು? ಮೂರು ತಲೆಮಾರಿನ ಕಲಾಯಿ ಮನೆತನ, ತೂತು ಕಂಡರೆ ಕೈ ತುರಿಸುತ್ತದೆ. ಅಂಟುಪಟ್ಟಿ ತಂದು ತೂತಿನ ಮೇಲೆ ಎರಡು ಪದರು ಬಿಗಿಯಾಗಿ ಮೆತ್ತಿದ. ಈ ಸಲ ಮಷೀನು ತುಟಿ ಪಿಟ್ಟೆನ್ನದೆ ನುಂಗಿಕೊಂಡಿತು.

ಟೀವಿಯಲ್ಲಿ ಬರೀ ಚುಕ್ಕಿಗಳು ಕುಣಿದವು. ತುಂಬುವಾಗ ಚಿತ್ರ ಕಾಣುವುದಿಲ್ಲ ಎಂದು ಜುಬೇದಾಳಿಗೆ ಅಲ್ಲೇ ಹುಟ್ಟಿಸಿದ ಪಾಠವೊಂದನ್ನು ಹೇಳಿ, ಒಂದೂವರೆ ತಾಸು ಕಾಲ ಮೇಲೆ ಕಾಲು ಹಾಕಿ ಕುಳಿತ. ಮುಗಿದ ಮೇಲೆ ನೋಡಿದರೆ ಖಾಲಿ ಕ್ಯಾಸೆಟ್ಟು ಖಾಲಿಯಾಗಿಯೇ ಇತ್ತು. ಮದುವೆಯದೂ ಖಾಲಿಯಾಗಿತ್ತು. ಮುಂದಕ್ಕೆ ಓಡಿಸಿದ, ಹಿಂದಕ್ಕೆ ಓಡಿಸಿದ. ಮದುಮಗಳೂ ಇಲ್ಲ, ಅಕ್ಕಿಕಾಳೂ ಇಲ್ಲ, ರುಮಾಲು ಸುತ್ತಿದ ಸೋಮನಿಂಗಪ್ಪ ಎಲ್ಲಿಯೂ ಇಲ್ಲ.

ಸಿದ್ದಲಿಂಗವ್ವನ ಮನೆಗೆ ಹೋಗುವ ದಾರಿಯಲ್ಲಿ ಸುಳ್ಳುಗಳನ್ನು ಜೋಡಿಸಿಕೊಂಡ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು ಅನ್ನಬಹುದು, ಕರೆಂಟು ಏರುಪೇರಾಯಿತು ಅನ್ನಬಹುದು. ಯಾರು ಪರೀಕ್ಷೆ ಮಾಡಬೇಕು, ಊರಲ್ಲಿ ಬಲ್ಲವನು ಅವನೊಬ್ಬನೇ ಅಲ್ಲವೇ! ಹೊಸ್ತಿಲಲ್ಲಿ ಅವಳು ಸೀರೆಯ ಸೆರಗಿನಿಂದ ಎರಡೂ ಕೈ ಒರೆಸಿಕೊಂಡು, ಪ್ರಸಾದಕ್ಕೆ ಒಡ್ಡಿದಂತೆ ಕ್ಯಾಸೆಟ್ಟಿಗೆ ಕೈಯೊಡ್ಡಿದಳು. ಜೋಡಿಸಿದ್ದೆಲ್ಲ ಅವನ ಬಾಯಲ್ಲೇ ಒಣಗಿತು.

"ಕಾಕು, ಎಲ್ಲಾ ಅಳಿಸಿ ಹೋತು. ಮಷೀನಿಂದ ತಪ್ಪಿಲ್ಲ. ನನಗ ಬರತಿದ್ದಿಲ್ಲ, ಬರತೈತಿ ಅಂದೆ."

ದಾಕ್ಷಾಯಣಿ ಗೋಡೆಗೆ ಒರಗಿ ಅಳತೊಡಗಿದಳು. ಇಸಾಕ ಇಂಗು ತಿಂದ ಮಂಗನಂತೆ ನಿಂತ. ಎರಡು ಬಡಿದಿದ್ದರೆ ಹಗುರಾಗುತ್ತಿದ್ದ. ಸಿದ್ದಲಿಂಗವ್ವ ಬಡಿಯಲಿಲ್ಲ. ಅವನನ್ನು ಒಳಗೆ ಕರೆದು ಕುಂದ್ರು ಅಂದಳು.

"ಅದರಾಗ ಅವರು ಒಂದ ಮಾತೂ ಆಡಿದ್ದಿಲ್ಲೋ. ವಿಡಿಯೋದವರು ಬರೇ ಹಾಡ ತುಂಬಿದ್ರು. ಮಾರಿ ನನ್ನ ಕಣ್ಣಾಗ ಐತಿ, ದನಿ ಮರೀಲಿಕ್ಕತ್ತೇನಿ. ದಿನಾ ಚಾಕ್ಕಂತ ಬಂದು ನಿನ್ನ ಕಲಾಯಿ ಭಟ್ಟಿ ಮುಂದ ಕುಂದರತಿದ್ರಲ್ಲ, ಹೆಂಗ ಮಾತಾಡತಿದ್ರು? ಮಾಡಿ ತೋರ್ಸು."

ಇಸಾಕನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆದರೆ ಹನ್ನೆರಡು ವರ್ಷ ದಿನಾಲು ಕೇಳಿದ ದನಿ ಅದು. ಎರಡು ಸಲ ಕೆಮ್ಮಿದ, ಮೊಣಕಾಲಿನ ಮೇಲೆ ಕೈಯೂರಿ ಸೋಮನಿಂಗಪ್ಪನಂತೆಯೇ ರಾಗ ಎಳೆದ. "ಏನೋ ಇಸಾಕಾ, ಚಾ ಆತೋ, ನಾ ಬರೂದು ಕಾಯ್ಲಿಕ್ಕತ್ತಿದ್ದಿಯೋ?"

ದಾಕ್ಷಾಯಣಿಯ ಅಳು ನಿಂತಿತು. ಸಿದ್ದಲಿಂಗವ್ವ ಕಣ್ಣು ಮುಚ್ಚಿಕೊಂಡು, ಇನ್ನೊಮ್ಮಿ ಅಂದಳು. ಅವನು ಇನ್ನೊಮ್ಮೆ ಮಾಡಿದ. ಅವಳು ಕಣ್ಣು ತೆರೆಯದೆ, ಸಣ್ಣಗೆ ಜಗಳ ತೆಗೆಯುವವಳ ಹಾಗೆ ಕೇಳಿದಳು.

"ಮನ್ಯಾಗಿನ ಚಾ ಯಾಕ ಸೇರತಿದ್ದಿಲ್ರಿ ನಿಮಗ?"

ಅದು ಇಸಾಕನಿಗೆ ಕೇಳಿದ ಪ್ರಶ್ನೆಯಲ್ಲ, ಗಂಡನಿಗೆ ಕೇಳಿದ್ದು. ಇದರ ಉತ್ತರ ತನಗೆ ಗೊತ್ತಿಲ್ಲ ಎಂದು ಇಸಾಕ ಈ ಸಲ ಮೊದಲೇ ಒಪ್ಪಿಕೊಂಡ.